ಬಂಗುಡೆ ತಿಂದು ನಮ್ಮನೆಯವರ ಮುಖ ಕೆಂಪಾಯ್ತು. ಇನ್ನು ಜನ್ಮದಲ್ಲಿ ಮೀನು ಮುಟ್ಟಬಾರದಂತೆ, ಹೌದಾ?

ಹಂಗಾರಕಟ್ಟೆ ಹುಡುಗಿ · ಜುಲೈ, ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಅಡುಗೆ ವಿಷಯ ಮಾತ್ರ ಕೇಳುತ್ತಿದ್ದೆ. ಈ ಸಲ ಆಸ್ಪತ್ರೆ ವಿಷಯ.

ಬೆಂಗಳೂರಲ್ಲಿ ನಮ್ಮ ಬೀದಿಗೆ ಸ್ಕೂಟರಲ್ಲಿ ಮೀನು ತರುವವರೊಬ್ಬರಿದ್ದಾರೆ. ನಿನ್ನೆ ಅವರ ಹತ್ತಿರ ಒಂದೂವರೆ ಕೆಜಿ ಬಂಗುಡೆ ತಗೊಂಡೆ. ಅರ್ಧ ಸಾರು ಮಾಡಿದೆ, ಅರ್ಧ ಎಣ್ಣೆಯಲ್ಲಿ ಕಾಯಿಸಿದೆ. ಊಟಕ್ಕೆ ನಾನು, ನಮ್ಮನೆಯವರು, ನನ್ನ ತಮ್ಮ, ಅತ್ತೆ. ಅತ್ತೆ ಮೀನು ತಿನ್ನುವುದಿಲ್ಲ, ದಾವಣಗೆರೆ ಕಡೆಯವರು. ನಮ್ಮನೆಯವರು ಮದುವೆ ಆದ ಮೇಲೆ ಶುರು ಮಾಡಿದ್ದು. ನಾಲ್ಕು ವರ್ಷದಿಂದ ತಿನ್ನುತ್ತಿದ್ದಾರೆ, ಒಂದು ದಿನವೂ ಏನೂ ಆಗಿರಲಿಲ್ಲ.

ಊಟ ಮುಗಿದು ಅರ್ಧ ಗಂಟೆ ಆಗಿರಲಿಲ್ಲ, ಮುಖ ಕತ್ತು ಎದೆ ಎಲ್ಲಾ ಕೆಂಪು. ಬಿಸಿಲಲ್ಲಿ ಗದ್ದೆ ಕೆಲಸ ಮಾಡಿ ಬಂದವರ ಹಾಗೆ. ತಲೆ ಸಿಡಿಯುತ್ತಿದೆ, ಎದೆ ಡವಡವ ಅಂತಿದೆ ಅಂದರು. ಎರಡು ಸಲ ಭೇದಿ ಆಯಿತು. ನಮ್ಮ ತಮ್ಮನಿಗೂ ಕೆನ್ನೆ ಸ್ವಲ್ಪ ಕೆಂಪಾಗಿತ್ತು. ಕಾಯಿಸಿದ ಮೀನು ನಾಲಿಗೆಗೆ ಚುರುಚುರು ಅಂತಿತ್ತು, ಮೆಣಸು ಜಾಸ್ತಿ ಹಾಕಿದ್ಯಾ ಅಂತ ಅವನು ಆಗಲೇ ಕೇಳಿದ್ದ. ನನಗೆ ಏನೂ ಆಗಲಿಲ್ಲ.

ಹತ್ತಿರದ ಕ್ಲಿನಿಕ್ಕಲ್ಲಿ ಒಂದು ಇಂಜೆಕ್ಷನ್ ಕೊಟ್ಟರು. ಸಂಜೆ ಹೊತ್ತಿಗೆ ಸರಿ ಹೋಯಿತು. "ಮೀನಿನ ಅಲರ್ಜಿ, ಇನ್ನು ಜೀವಮಾನ ಪೂರ್ತಿ ಮುಟ್ಟಬೇಡಿ" ಅಂದುಬಿಟ್ಟರು. ಪರೀಕ್ಷೆ ಗಿರೀಕ್ಷೆ ಏನೂ ಇಲ್ಲ. ನಮ್ಮತ್ತೆಗೆ ಒಳಗೊಳಗೇ ಖುಷಿ.

ನಾಲ್ಕು ವರ್ಷ ಒಗ್ಗಿದ್ದು ಒಂದೇ ದಿನದಲ್ಲಿ ಅಲರ್ಜಿ ಆಗುತ್ತದಾ?

ಗಂಗೊಳ್ಳಿ ದೋಣಿ · ರಾತ್ರಿ 10:05

ಜುಲೈ ತಿಂಗಳಲ್ಲಿ ಬಂಗುಡೆ ತಗೊಂಡಿರಲ್ಲ ಮಾರಾಯ್ರೆ! ಹಂಗಾರಕಟ್ಟೆಯವರು ಅಂತ ಹೆಸರು ಬೇರೆ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆ ಬಂದ್. ಟ್ರಾಲರ್ ಎಲ್ಲ ದಕ್ಕೆಯಲ್ಲಿ ಕಟ್ಟಿ ನಿಂತಿರುತ್ತವೆ. ನಾಡದೋಣಿಯವರು ಹಿಡಿದದ್ದು ಊರಿಗೇ ಸಾಲುವುದಿಲ್ಲ. ಈ ಎರಡು ತಿಂಗಳು ಬೆಂಗಳೂರಿಗೆ ಬರುವುದು ಒಂದಾ ಪೂರ್ವ ಕರಾವಳಿಯ ಮೀನು, ಇಲ್ಲದಿದ್ದರೆ ಕೋಲ್ಡ್ ಸ್ಟೋರೇಜಿನದ್ದು. ಲಾರಿಯಿಂದ ಇಳಿದು ಮಾರ್ಕೆಟ್ಟಿಗೆ, ಅಲ್ಲಿಂದ ಸ್ಕೂಟರಿಗೆ. ಆ ಸ್ಕೂಟರಿನ ಡಬ್ಬದಲ್ಲಿ ಐಸ್ ಎಷ್ಟಿತ್ತು ಅಂತ ನೋಡಿದಿರಾ?

ನಮ್ಮಲ್ಲಿ ಹಿರಿಯರು ಹೇಳುವುದು, ಬಂಗುಡೆ ಬೂತಾಯಿ ಎರಡೂ ಕಾಯುವ ಮೀನಲ್ಲ. ಅಂಜಲ್ ಸ್ವಲ್ಪ ತಡೆಯುತ್ತದೆ, ಬಂಗುಡೆ ತಡೆಯುವುದಿಲ್ಲ. ಬಲೆಯಿಂದ ತೆಗೆದ ಕೂಡಲೇ ಐಸ್ ಹಾಕದಿದ್ದರೆ ಮಧ್ಯಾಹ್ನಕ್ಕೆ ಹೊಟ್ಟೆ ಒಡೆಯುತ್ತದೆ. ತಿಂದರೆ ಮೈ ಕೆಂಪಾಗುವುದು ನಾನೇ ಕಂಡಿದ್ದೇನೆ, ದೋಣಿಯಲ್ಲಿ ನಾಲ್ಕು ಜನಕ್ಕೆ ಒಟ್ಟಿಗೆ ಆಗಿತ್ತು. ಅಲರ್ಜಿ ಅಂತ ಯಾರೂ ಮೀನು ಬಿಡಲಿಲ್ಲ. ಬಿಟ್ಟರೆ ಉಣ್ಣುವುದೇನು?

ತಿಪಟೂರು ತೆಂಗು · ರಾತ್ರಿ 10:31

ನಮ್ಮ ಕಡೆ ಇದಕ್ಕೆ ನಂಜು ಅಂತಾರೆ. ಮೀನು, ಬದನೆಕಾಯಿ, ಒಣಮೀನು ಎಲ್ಲಾ ನಂಜಿನ ಪದಾರ್ಥ. ಮೈ ಮೇಲೆ ಪಿತ್ತದ ಗಂಧೆ ಎದ್ದರೆ ಅಜ್ಜಿ ಕಂಬಳಿಯಲ್ಲಿ ಉಜ್ಜುತ್ತಿದ್ದರು. ಪುನರ್ಪುಳಿ ಶರಬತ್ತು ಕುಡಿಸುತ್ತಿದ್ದರು. ಅರ್ಧ ದಿನದಲ್ಲಿ ಹೋಗುತ್ತಿತ್ತು. ಎಲ್ಲದಕ್ಕೂ ಇಂಜೆಕ್ಷನ್ ಯಾಕೆ? ಮೀನು ತಿಂದ ಮೇಲೆ ಮಜ್ಜಿಗೆ ಕುಡಿದಿದ್ರಾ ನೋಡಿ. ಅದರಿಂದ ತೊನ್ನು ಬರುತ್ತದೆ ಅಂತಲೂ ಹೇಳುತ್ತಾರೆ.

ಪಣಂಬೂರು ಅಮ್ಮ · ರಾತ್ರಿ 11:12

ಮೇಲಿನ ಎರಡು ಉತ್ತರ ಓದಿ ನಿದ್ದೆ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸಿಟ್ಟು ಮಾಡಬೇಡಿ.

ನನ್ನ ಮಗನಿಗೆ ಈಗ ಒಂಬತ್ತು ವರ್ಷ. ಹದಿನಾಲ್ಕು ತಿಂಗಳಿದ್ದಾಗ ಮೊದಲ ಸಲ ಕಾಣೆ ಮೀನು ಕೊಟ್ಟೆ. ಮುಳ್ಳು ತೆಗೆದು, ಕುಚ್ಚಲಕ್ಕಿ ಅನ್ನದಲ್ಲಿ ಹಿಸುಕಿ, ಒಂದು ಚಮಚ ಇರಬಹುದು. ಹತ್ತು ನಿಮಿಷಕ್ಕೆ ತುಟಿ ಊದಿತು. ಹೊಟ್ಟೆ ಬೆನ್ನಿನ ಮೇಲೆ ದದ್ದು. ಮನೆಯಲ್ಲಿ ಎಲ್ಲರೂ "ಹುಳಿ ತಾಗಿದ್ದು, ನಂಜು" ಅಂದರು. ನಾನೂ ನಂಬಿದೆ. ಮಂಗಳೂರಲ್ಲಿ ಹುಟ್ಟಿದ ಮಗುವಿಗೆ ಮೀನು ಆಗುವುದಿಲ್ಲ ಅಂದರೆ ಯಾರು ನಂಬುತ್ತಾರೆ? ಇನ್ನೊಂದು ಸಲ ಕೊಟ್ಟೆ. ಆಗ ವಾಂತಿಯೂ ಆಯಿತು. ಅಲ್ಲಿಗೆ ನಿಲ್ಲಿಸಿದೆವು.

ಅವನಿಗೆ ಐದು ವರ್ಷ ಆದಾಗ ಒಂದು ಗೃಹಪ್ರವೇಶಕ್ಕೆ ಹೋದೆವು. ಮೀನು ಇರುವ ಕಡೆ ಕಣ್ಣಿಟ್ಟಿದ್ದೆ. ಅವನು ತಿಂದದ್ದು ಗೋಬಿ ಮಂಚೂರಿ. ಅಡುಗೆಯವರು ಮೀನು ಕರಿದ ಎಣ್ಣೆಯಲ್ಲೇ ಗೋಬಿ ಕರಿದಿದ್ದರು. ಎರಡು ತುಂಡು ತಿಂದು "ಅಮ್ಮ, ಗಂಟಲಲ್ಲಿ ಏನೋ ಸಿಕ್ಕಿದೆ" ಅಂದ. ಧ್ವನಿ ಗೊರಗೊರ ಆಯಿತು. ಕೆಮ್ಮು ನಿಲ್ಲಲಿಲ್ಲ. ಒಂದು ವಾಂತಿ. ಆಮೇಲೆ ನನ್ನ ಹೆಗಲ ಮೇಲೆ ಸುಮ್ನೆ ಮಲಗಿಬಿಟ್ಟ. ಮೈ ಮೇಲೆ ಒಂದೇ ಒಂದು ದದ್ದು ಇರಲಿಲ್ಲ. ಇದನ್ನು ದಯವಿಟ್ಟು ಗಮನಿಸಿ. ದದ್ದು ಇಲ್ಲ ಅಂತ ನಾವು ಇಪ್ಪತ್ತು ನಿಮಿಷ ಹಾಳು ಮಾಡಿದೆವು. ಮಗು ಸುಸ್ತಾಗಿದೆ ಅಂದುಕೊಂಡೆವು.

ಮೊದಲು ಹೋದ ಕಡೆ ಅಲರ್ಜಿ ಇಂಜೆಕ್ಷನ್ ಕೊಟ್ಟು ಕೂರಿಸಿದರು. ಏನೂ ಬದಲಾಗಲಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್ ಒಬ್ಬಳು ಚಿಕ್ಕ ಹುಡುಗಿ, ನೋಡಿದ ಕೂಡಲೇ ತೊಡೆಗೆ ಅಡ್ರಿನಲಿನ್ ಕೊಟ್ಟಳು. ಐದು ನಿಮಿಷದಲ್ಲಿ ಉಸಿರು ಬಿಟ್ಟುಕೊಂಡಿತು. ರಾತ್ರಿ ಅಲ್ಲೇ ಇರಿಸಿಕೊಂಡರು. ಏಳು ಗಂಟೆ ಕಳೆದ ಮೇಲೆ ಪುನಃ ಶುರುವಾಯಿತು, ಈ ಸಲ ಮೈ ತುಂಬ ದದ್ದು. ಮನೆಗೆ ಕರೆದುಕೊಂಡು ಹೋಗಿದ್ದರೆ ಏನಾಗುತ್ತಿತ್ತೋ.

ಹಾಗಾಗಿ ಕಂಬಳಿ, ಪುನರ್ಪುಳಿ ಅನ್ನಬೇಡಿ. ಹಂಗಾರಕಟ್ಟೆ ಅಕ್ಕ, ನಿಮ್ಮವರದ್ದು ಹಳಸಿದ ಮೀನೇ ಇರಬಹುದು. ಆದರೆ ಯಾರೋ ದೋಣಿಯವರು ಹೇಳಿದರು ಅಂತ ಮತ್ತೆ ತಿನ್ನಿಸಿ ನೋಡಬೇಡಿ.

ಗಂಗೊಳ್ಳಿ ದೋಣಿ · ರಾತ್ರಿ 11:20

ಅಮ್ಮಾ, ತಪ್ಪಾಯಿತು. ನಾನು ದೊಡ್ಡವರ ಲೆಕ್ಕದಲ್ಲಿ ಹೇಳಿದ್ದು. ಮಗು ಈಗ ಹೇಗಿದ್ದಾನೆ?

ಪಣಂಬೂರು ಅಮ್ಮ · ರಾತ್ರಿ 11:24

ಚೆನ್ನಾಗಿದ್ದಾನೆ. ಕ್ರಿಕೆಟ್ ಹುಚ್ಚು. ಮೀನು ಕಂಡರೆ ನನಗಿಂತ ಹುಷಾರು.

ಬಿಳಿ ಕೋಟು · ಮಂಗಳವಾರ, ಬೆಳಿಗ್ಗೆ 6:50

ಅಲರ್ಜಿ ಕ್ಲಿನಿಕ್ಕಲ್ಲಿ ಕೆಲಸ ಮಾಡುವವನು ನಾನು. ಇಲ್ಲಿ ಬರೆದದ್ದನ್ನೇ ಚಿಕಿತ್ಸೆ ಅಂತ ತಿಳಿಯಬೇಡಿ. ಆದರೆ ಈ ಎರಡು ಕಥೆ ಒಂದೇ ಚರ್ಚೆಯಲ್ಲಿ ಬಂದದ್ದು ಒಳ್ಳೆಯದೇ ಆಯಿತು. ಎರಡಕ್ಕೂ ನಾವು "ಮೀನು ಆಗಲಿಲ್ಲ" ಅಂತ ಒಂದೇ ಮಾತು ಹೇಳುತ್ತೇವೆ. ಒಳಗೆ ನಡೆಯುವುದು ಬೇರೆ ಬೇರೆ.

ಮೊದಲು ಬಂಗುಡೆ. ಬಂಗುಡೆ, ಬೂತಾಯಿ, ಟ್ಯೂನಾ ಇಂಥ ಮೀನಿನ ಮಾಂಸದಲ್ಲಿ ಹಿಸ್ಟಿಡಿನ್ ಅನ್ನುವ ಅಂಶ ಜಾಸ್ತಿ. ಮೀನು ಸತ್ತ ಮೇಲೆ ತಂಪು ತಪ್ಪಿದರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮೀನ್ ಮಾಡುತ್ತವೆ. ಅಲರ್ಜಿ ಆದಾಗ ನಮ್ಮ ದೇಹವೇ ಬಿಡುವ ರಾಸಾಯನಿಕವೂ ಇದೇ ಹಿಸ್ಟಮೀನ್. ಇಲ್ಲಿ ಅದು ತಟ್ಟೆಯಲ್ಲೇ ತಯಾರಾಗಿ ಬರುತ್ತದೆ, ಅಷ್ಟೇ ವ್ಯತ್ಯಾಸ. ಅದಕ್ಕೇ ನೋಡಲು ಥೇಟ್ ಅಲರ್ಜಿ ಹಾಗೆಯೇ ಇರುತ್ತದೆ. ಮುಖ ಕೆಂಪು, ತಲೆನೋವು, ಎದೆಬಡಿತ, ಭೇದಿ. ನಾಲಿಗೆಗೆ ಚುರುಚುರು ಅನ್ನುವುದು ಇದರ ಹಳೆಯ ಗುರುತು, ತಮ್ಮ ಹೇಳಿದ್ದು ಸರಿಯಾಗಿಯೇ ಇದೆ. ಒಂದೇ ಪಾತ್ರೆಯಿಂದ ತಿಂದ ಇಬ್ಬರಿಗೆ ಒಟ್ಟಿಗೆ ಆಯಿತು ಅನ್ನುವುದು ಇನ್ನೊಂದು ಸುಳಿವು. ನಿಮಗೆ ಯಾಕಾಗಲಿಲ್ಲ? ಎಲ್ಲ ಮೀನಲ್ಲೂ ಒಂದೇ ಪ್ರಮಾಣ ಇರುವುದಿಲ್ಲ. ಒಂದೇ ಮೀನಿನ ಒಂದು ತುಂಡಿಗೂ ಇನ್ನೊಂದಕ್ಕೂ ವ್ಯತ್ಯಾಸ ಇರಬಹುದು.

ಒಂದು ಸಲ ಹಿಸ್ಟಮೀನ್ ಹುಟ್ಟಿತು ಅಂದರೆ ಕಾಯಿಸಿದರೂ ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ, ಫ್ರೀಜರಲ್ಲಿ ಇಟ್ಟರೂ ಹೋಗುವುದಿಲ್ಲ. ವಾಸನೆ ಬರಲೇಬೇಕು ಅಂತಲೂ ಇಲ್ಲ. ಕಿವಿರು ಕೆಂಪಿದೆ, ಕಣ್ಣು ಹೊಳೆಯುತ್ತಿದೆ ಅಂತ ನೋಡಿ ತರುವುದು ಒಳ್ಳೆಯ ಅಭ್ಯಾಸ, ಆದರೆ ಅದೊಂದೇ ಸಾಲದು. ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯುತ್ತದೆ. ಅಲರ್ಜಿ ಮಾತ್ರೆಗೂ ಚೆನ್ನಾಗಿ ಬಗ್ಗುತ್ತದೆ.

ಈಗ ಪಣಂಬೂರು ಹುಡುಗನದ್ದು. ಅದು ನಿಜವಾದ ಅಲರ್ಜಿ. ಮೀನಿನ ಸ್ನಾಯುವಿನಲ್ಲಿ ಪಾರ್ವಾಲ್ಬುಮಿನ್ ಅನ್ನುವ ಸಣ್ಣ ಪ್ರೋಟೀನ್ ಇದೆ. ಅವನ ದೇಹ ಅದನ್ನು ಶತ್ರು ಅಂತ ಗುರುತು ಹಾಕಿಕೊಂಡು, ಐಜಿಇ ಅನ್ನುವ ಪ್ರತಿಕಾಯ ತಯಾರಿಸಿ ಕಾಯುತ್ತಾ ಕೂತಿದೆ. ಮೀನು ತಾಜಾ ಇದ್ದರೂ ಆಗುತ್ತದೆ, ಚೂರೇ ಚೂರು ಇದ್ದರೂ ಆಗಬಹುದು. ಪಾರ್ವಾಲ್ಬುಮಿನ್ ಬಿಸಿಗೆ ಜಗ್ಗುವುದಿಲ್ಲ, ಹಾಗಾಗಿ ಕರಿದ ಎಣ್ಣೆಯೂ ಸಾಕಾಯಿತು. ಕೆಲವು ನಿಮಿಷದಿಂದ ಎರಡು ಗಂಟೆಯೊಳಗೆ ಶುರುವಾಗುತ್ತದೆ. ಬಾಯಿ ಕಡಿತ, ತುಟಿ ಊತ, ದದ್ದು, ವಾಂತಿ. ಜೋರಾದರೆ ಉಬ್ಬಸ, ಧ್ವನಿ ಬದಲಾಗುವುದು, ಬಿಪಿ ಬಿದ್ದು ಮಂಕಾಗುವುದು. ಚರ್ಮದ ಮೇಲೆ ಏನೂ ಕಾಣದೆಯೂ ಇದು ಬರಬಹುದು ಅಂತ ಅಮ್ಮ ಬರೆದದ್ದನ್ನು ನಾನು ನಮ್ಮ ಕಿರಿಯ ಡಾಕ್ಟರುಗಳಿಗೂ ಓದಿಸುತ್ತೇನೆ.

ಹಂಗಾರಕಟ್ಟೆಯವರೇ, ನಿಮ್ಮ ಕಥೆ ಮುಕ್ಕಾಲುಪಾಲು ಹಿಸ್ಟಮೀನ್ ಕಡೆಗೇ ವಾಲುತ್ತದೆ. ಆದರೆ ನಾಲ್ಕು ವರ್ಷ ಒಗ್ಗಿದ್ದಕ್ಕೆ ಅಲರ್ಜಿ ಬರುವುದಿಲ್ಲ ಅನ್ನಲಾಗದು. ಮೀನಿನ ಅಲರ್ಜಿ ದೊಡ್ಡವರಾದ ಮೇಲೂ ಹೊಸದಾಗಿ ಬರುತ್ತದೆ. ಅಮೆರಿಕದ ಅಂದಾಜಿನಲ್ಲಿ ಮೀನಿನ ಅಲರ್ಜಿ ಇರುವ ನೂರರಲ್ಲಿ ಸುಮಾರು 40 ಜನಕ್ಕೆ ಅದು ಮೊದಲು ಕಾಣಿಸಿದ್ದು ದೊಡ್ಡವರಾದ ಮೇಲೆಯೇ. ಅದಕ್ಕೇ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಮೀನು ಬೇಡ.

ತೊನ್ನಿನ ಮಾತು ಮಾತ್ರ ಸುಳ್ಳು. ಮೀನು-ಮೊಸರು ಒಟ್ಟಿಗೆ ತಿಂದರೆ ತೊನ್ನು ಬರುವುದಿಲ್ಲ. ಬಂಗಾಳದಲ್ಲಿ ಮೀನಿಗೆ ಮೊಸರು ಹಾಕಿಯೇ ಅಡುಗೆ ಮಾಡುತ್ತಾರೆ.

ಹಂಗಾರಕಟ್ಟೆ ಹುಡುಗಿ · ಬೆಳಿಗ್ಗೆ 8:15

ಡಾಕ್ಟ್ರೇ, ತುಂಬಾ ಥ್ಯಾಂಕ್ಸ್. ಆ ದಿನವೇ ಗೊತ್ತಾಗುವ ಹಾಗೆ ಏನಾದರೂ ಪರೀಕ್ಷೆ ಇತ್ತಾ?

ಬಿಳಿ ಕೋಟು · ಬೆಳಿಗ್ಗೆ 8:40

ಇತ್ತು. ಟ್ರಿಪ್ಟೇಸ್ ಅಂತ ಒಂದು ರಕ್ತಪರೀಕ್ಷೆ. ಶುರುವಾದ ಒಂದರಿಂದ ನಾಲ್ಕು ಗಂಟೆಯೊಳಗೆ ರಕ್ತ ತೆಗೆದರೆ, ಜೋರಾದ ಅಲರ್ಜಿಯಲ್ಲಿ ಏರಿರುತ್ತದೆ, ಹಿಸ್ಟಮೀನ್ ವಿಷದಲ್ಲಿ ಏರುವುದಿಲ್ಲ. ಆಹಾರದ ಅಲರ್ಜಿಯಲ್ಲಿ ಕೆಲವು ಸಲ ಏರದೆಯೂ ಇರುತ್ತದೆ, ಅದೊಂದು ತಕರಾರು. ಎಲ್ಲ ಕಡೆ ಸಿಗುವುದೂ ಇಲ್ಲ. ಉಳಿದ ಮೀನಿನ ಒಂದು ತುಂಡನ್ನು ಫ್ರೀಜರಲ್ಲಿ ಇಟ್ಟಿದ್ದರೆ ಲ್ಯಾಬಲ್ಲಿ ಹಿಸ್ಟಮೀನ್ ಅಳೆಸಬಹುದಿತ್ತು. ಯಾರು ಇಡುತ್ತಾರೆ ಬಿಡಿ.

ಹುಬ್ಬಳ್ಳಿ ಗಿರ್ಮಿಟ್ · ಬೆಳಿಗ್ಗೆ 11:02

ಸರ್, ನಾನು ಆಫರಿನಲ್ಲಿ ಒಂದು ಪ್ಯಾಕೇಜ್ ಮಾಡಿಸಿದೆ. ಒಂದೇ ಸಲ ಇನ್ನೂರಕ್ಕೂ ಜಾಸ್ತಿ ಪದಾರ್ಥಕ್ಕೆ ಟೆಸ್ಟ್. ಮೀನು, ಶೇಂಗಾ, ಗೋಧಿ, ಅರಿಶಿನ ಎಲ್ಲಾ ಕೆಂಪು ಬಣ್ಣದಲ್ಲಿ ಬಂದಿದೆ. ದಿನಾ ಶೇಂಗಾ ಚಟ್ನಿ ತಿನ್ನುತ್ತೇನೆ, ಏನೂ ಆಗಿಲ್ಲ. ಬಿಡಬೇಕಾ?

ಬಿಳಿ ಕೋಟು · ಮಧ್ಯಾಹ್ನ 1:30

ರಿಪೋರ್ಟಿನ ಮೇಲೆ ಐಜಿಜಿ ಅಂತ ಇದೆಯಾ ನೋಡಿ. ಇದ್ದರೆ ಆ ಹಾಳೆಯಲ್ಲಿ ಶೇಂಗಾ ಕಟ್ಟಿಕೊಳ್ಳಿ. ಐಜಿಜಿ ಬೇರೆ ಬಗೆಯ ಪ್ರತಿಕಾಯ, ಅದು ಬಂದರೆ ನೀವು ಆ ಪದಾರ್ಥ ತಿಂದಿದ್ದೀರಿ ಅಂತ ಮಾತ್ರ ಅರ್ಥ. ಅಲರ್ಜಿಗೆ ನೋಡಬೇಕಾದ್ದು ಐಜಿಇ.

ಐಜಿಇ ಪಾಸಿಟಿವ್ ಬಂದರೂ ಅಷ್ಟಕ್ಕೇ ಅಲರ್ಜಿ ಅನ್ನುವಂತಿಲ್ಲ. ಇದಕ್ಕೆ ನಮ್ಮ ಕರ್ನಾಟಕದ್ದೇ ಉದಾಹರಣೆ ಇದೆ. ಆಹಾರದ ಅಲರ್ಜಿ ಬಗ್ಗೆ ಯೂರೋಪ್ರಿವಾಲ್ ಅನ್ನುವ ದೊಡ್ಡ ಅಧ್ಯಯನದ ಭಾರತದ ಭಾಗ ನಮ್ಮಲ್ಲೇ ನಡೆದು 2016ರಲ್ಲಿ ಪ್ರಕಟವಾಯಿತು. 24 ಆಹಾರಕ್ಕೆ ರಕ್ತದಲ್ಲಿ ಐಜಿಇ ನೋಡಿದರು. ಯಾವುದಾದರೂ ಒಂದಕ್ಕೆ ಐಜಿಇ ಇದ್ದವರು 26.5%. ತಿಂದರೆ ತೊಂದರೆಯೂ ಆಗಿ, ಅದಕ್ಕೆ ಐಜಿಇ ಕೂಡ ತಾಳೆಯಾದವರು ಕೇವಲ 1.2%. ಅಂದರೆ ನಾಲ್ಕರಲ್ಲಿ ಒಬ್ಬರ ರಿಪೋರ್ಟ್ ಕೆಂಪು, ನಿಜಕ್ಕೂ ಕಷ್ಟ ಇರುವವರು ನೂರಕ್ಕೆ ಒಬ್ಬರು. ಆ 1.2%ರಲ್ಲೂ ಮುಂದಿದ್ದದ್ದು ಹಾಲು ಮತ್ತು ಸೇಬು, ಮೀನಲ್ಲ. ಅಮೆರಿಕದಲ್ಲಿ ಮೀನಿನ ಅಲರ್ಜಿ ಒಂದೇ ದೊಡ್ಡವರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಇದೆ.

ಹಾಗಾಗಿ ಮೊದಲು ಕಥೆ, ಆಮೇಲೆ ಪರೀಕ್ಷೆ. ಏನು ತಿಂದಿರಿ, ಎಷ್ಟು ಹೊತ್ತಿಗೆ ಆಯಿತು, ಜೊತೆಗೆ ಯಾರಿಗೆ ಆಯಿತು, ಮೀನು ಎಲ್ಲಿಂದ ಬಂತು, ಆವತ್ತು ಮದ್ಯ ಅಥವಾ ನೋವಿನ ಮಾತ್ರೆ ತಗೊಂಡಿದ್ರಾ. ಈ ಎರಡೂ ಅಲರ್ಜಿಯನ್ನು ಕೆರಳಿಸುತ್ತವೆ. ಮೀನು ತಿಂದ ಕೂಡಲೇ ಓಟ, ಜಿಮ್ ಕೂಡ ಹಾಗೆಯೇ.

ಮದ್ದೂರು ವಡೆ · ಮಧ್ಯಾಹ್ನ 3:10

ನನಗೆ ಸಮುದ್ರದ ಮೀನು ಆಗಲ್ಲ, ಕೆರೆ ಮೀನು ಆಗುತ್ತೆ ಅಂತ ಅಂದುಕೊಂಡು ಕಾಟ್ಲಾ, ಜಿಲೇಬಿ ತಿನ್ನುತ್ತಿದ್ದೇನೆ. ಸರೀನಾ? ಸೀಗಡಿ ತಿಂದರೂ ಏನೂ ಆಗಲ್ಲ.

ಬಿಳಿ ಕೋಟು · ಸಂಜೆ 6:20

ಸಮುದ್ರ, ಕೆರೆ ಅನ್ನುವ ಗಡಿ ನಮ್ಮ ದೇಹಕ್ಕೆ ಗೊತ್ತಿಲ್ಲ. ಮೂಳೆ ಇರುವ ಹೆಚ್ಚಿನ ಮೀನುಗಳ ಪಾರ್ವಾಲ್ಬುಮಿನ್ ಒಂದನ್ನೊಂದು ಹೋಲುತ್ತದೆ. ಒಂದು ಮೀನಿಗೆ ಅಲರ್ಜಿ ಇದ್ದವರಿಗೆ ಇನ್ನೊಂದಕ್ಕೂ ಆಗುವುದು ಮಾಮೂಲಿ. ಆದರೆ ಎಲ್ಲರಿಗೂ ಹಾಗಲ್ಲ. ಟ್ಯೂನಾದಂಥ ಕೆಂಪು ಮಾಂಸದ ಮೀನಲ್ಲಿ ಅದು ಕಡಿಮೆ ಇರುತ್ತದೆ, ಕೆಲವರು ತಡೆದುಕೊಳ್ಳುತ್ತಾರೆ. ತಾಟೆ (ಶಾರ್ಕ್), ತೊರಕೆ (ರೇ) ಮೃದ್ವಸ್ಥಿ ಮೀನುಗಳು. ಅವುಗಳದ್ದು ಬೇರೆ ಬಗೆಯ ಪಾರ್ವಾಲ್ಬುಮಿನ್, ಕೆಲವರಿಗೆ ಒಗ್ಗುತ್ತದೆ. ಯಾವುದು ಒಗ್ಗುತ್ತದೆ ಅಂತ ಮನೆಯಲ್ಲಿ ಪ್ರಯೋಗ ಮಾಡಬೇಡಿ.

ನಿಮ್ಮ ವಿಷಯದಲ್ಲಿ, ಈಗಾಗಲೇ ಆರಾಮಾಗಿ ತಿನ್ನುತ್ತಿರುವ ಕಾಟ್ಲಾ ಬಿಡಿ ಅಂತ ನಾನು ಹೇಳುವುದಿಲ್ಲ. ಸಮುದ್ರದ ಮೀನು ಆಗಲ್ಲ ಅನ್ನಲು ಕಾರಣವಾದ ಘಟನೆ ಯಾವುದು ಅದನ್ನು ಹೇಳಿ. ಮಂಡ್ಯಕ್ಕೆ ಬರುವ ಹೊತ್ತಿಗೆ ಬಂಗುಡೆಯ ಸ್ಥಿತಿ ಏನಿತ್ತೋ!

ಸೀಗಡಿ, ಏಡಿ ಪೂರ್ತಿ ಬೇರೆ ಮನೆತನ. ಅಲ್ಲಿನ ಮುಖ್ಯ ಪ್ರೋಟೀನ್ ಟ್ರೋಪೋಮಯೋಸಿನ್. ಅದು ಧೂಳಿನ ನುಸಿ, ಜಿರಳೆಯಲ್ಲೂ ಇದೆ. ಸೀಗಡಿ ಆಗದವರಿಗೆ ಮೀನು ಆಗಬಹುದು, ಮೀನು ಆಗದವರಿಗೆ ಸೀಗಡಿ ಆಗಬಹುದು. ಹೋಟೆಲಲ್ಲಿ ಮಾತ್ರ ಎರಡೂ ಒಂದೇ ಕಾವಲಿ, ಒಂದೇ ಎಣ್ಣೆ.

ನಾರ್ವೆ ಕನ್ನಡತಿ · ಬುಧವಾರ, ರಾತ್ರಿ 1:15

ಬೆರ್ಗನ್ ಊರಿಂದ ಬರೆಯುತ್ತಿದ್ದೇನೆ. ಮೂಲ ಶಿರಸಿ, ಹುಟ್ಟಾ ಸಸ್ಯಾಹಾರಿ. ಈ ಊರಲ್ಲಿ ಮೀನಿನಿಂದ ತಪ್ಪಿಸಿಕೊಳ್ಳುವುದೇ ಒಂದು ಕೆಲಸ, ಹಾಗಾಗಿ ಲೇಬಲ್ ಓದುವುದರಲ್ಲಿ ನಾನು ಡಾಕ್ಟರೇಟ್ ಮಾಡಿದ್ದೇನೆ ಅನ್ನಬಹುದು. ಇಲ್ಲಿ ಪೊಟ್ಟಣದ ಮೇಲೆ ಮೀನು ಅನ್ನುವ ಪದ ಉಳಿದ ಅಕ್ಷರಕ್ಕಿಂತ ದಪ್ಪಗೆ ಇರುತ್ತದೆ. ಹೋಟೆಲಿನವರೂ ಕೇಳಿದರೆ ಹೇಳಲೇಬೇಕು.

ಭಾರತದಲ್ಲೂ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐಯ 2020ರ ಲೇಬಲ್ ನಿಯಮದಲ್ಲಿ ಮೀನು, ಸೀಗಡಿ ಜಾತಿ, ಹಾಲು, ಮೊಟ್ಟೆ, ಶೇಂಗಾ ಇತ್ಯಾದಿ ಇದ್ದರೆ ಪೊಟ್ಟಣದ ಮೇಲೆ ಬರೆಯಬೇಕು ಅಂತ ಇದೆ. ಪಣಂಬೂರು ಅಕ್ಕ, ವೂಸ್ಟರ್ ಸಾಸ್ ನೋಡಿಕೊಳ್ಳಿ, ಅದರಲ್ಲಿ ಸಣ್ಣ ಮೀನು ಹಾಕಿರುತ್ತಾರೆ. ಥಾಯ್ ಅಡುಗೆಯಲ್ಲಿ ಫಿಶ್ ಸಾಸ್ ಇಲ್ಲದೆ ಸಾರೇ ಇಲ್ಲ. ಸೀಸರ್ ಸಾಲಡ್ ಅಂತ ಸೊಪ್ಪು ಕೊಟ್ಟರೂ ಮೇಲಿನ ಡ್ರೆಸ್ಸಿಂಗಲ್ಲಿ ಮೀನು.

ಇನ್ನೊಂದು ವಿಷಯ, ಓದಿ ಖುಷಿಪಟ್ಟಿದ್ದೆ. ಅಲರ್ಜಿ ರಕ್ತದಲ್ಲಿ ಇದೆ ಅಂತ ಜಗತ್ತಿಗೆ ಗೊತ್ತಾದದ್ದೇ ಮೀನಿನಿಂದ. 1921. ಆಗಿನ ಜರ್ಮನಿಯ ಬ್ರೆಸ್ಲಾವ್, ಈಗ ಪೋಲೆಂಡಿನ ವ್ರೋಟ್ಸ್ವಾಫ್. ಹೈಂಝ್ ಕ್ಯೂಸ್ಟ್ನರ್ ಅನ್ನುವ ಡಾಕ್ಟರಿಗೆ ಬೇಯಿಸಿದ ಮೀನು ತಿಂದರೆ ಆಗುತ್ತಿರಲಿಲ್ಲ. ಅವರ ಸಹೋದ್ಯೋಗಿ ಕಾರ್ಲ್ ಪ್ರೌಸ್ನಿಟ್ಸ್ ಏನು ಮಾಡಿದರು ಗೊತ್ತಾ? ಕ್ಯೂಸ್ಟ್ನರ್ ರಕ್ತದ ತಿಳಿಯನ್ನು ತಮ್ಮದೇ ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಂಡರು. ಮಾರನೇ ದಿನ ಅದೇ ಜಾಗಕ್ಕೆ ಮೀನಿನ ರಸ. ಅಲ್ಲೇ ಗಂಧೆ ಎದ್ದಿತು! ಪ್ರೌಸ್ನಿಟ್ಸ್‌ಗೆ ಮೀನು ಆರಾಮಾಗಿ ಆಗುತ್ತಿತ್ತು. ಅಂದರೆ ರಕ್ತದಲ್ಲಿ ಏನೋ ದಾಟಿ ಬಂತು ಅಂತಾಯಿತು. ಆ "ಏನೋ" ಏನು ಅಂತ ಇಶಿಝಾಕ ದಂಪತಿ ಹುಡುಕಿದ್ದು 1966ರಲ್ಲಿ. ಅದೇ ಡಾಕ್ಟ್ರು ಹೇಳಿದ ಐಜಿಇ. ನಾನಿರುವ ನಾರ್ವೆಯವರಿಗೂ ಇದರಲ್ಲಿ ಪಾಲಿದೆ. ಕಾಡ್ ಮೀನಿನ ಅಲರ್ಜಿ ಪ್ರೋಟೀನನ್ನು ಬೇರ್ಪಡಿಸಿ ತೋರಿಸಿದ ಹಳೆಯ ಕೆಲಸ ಇಲ್ಲಿನದ್ದೇ.

ಗಂಗೊಳ್ಳಿ ದೋಣಿ · ಬೆಳಿಗ್ಗೆ 5:30

ಸಹೋದ್ಯೋಗಿ ಅಂದರೆ ಹೀಗಿರಬೇಕು.

ಮಲ್ಪೆ ದಕ್ಕೆ · ಬೆಳಿಗ್ಗೆ 9:45

ನಮ್ಮಮ್ಮ ಮೀನು ಕೊಯ್ಯುವ ಕೆಲಸದಲ್ಲಿ ಇಪ್ಪತ್ತು ವರ್ಷ. ತಿಂದರೆ ಏನೂ ಆಗುವುದಿಲ್ಲ, ಕೊಯ್ದರೆ ಕೈ ಪೂರ್ತಿ ಕೆಂಪು, ಕಡಿತ. ಈಗ ಎರಡು ವರ್ಷದಿಂದ ಮೀನು ಕಾಯಿಸುವ ಹೊಗೆಗೆ ಕೆಮ್ಮು, ಉಬ್ಬಸ. ಇದೂ ಅಲರ್ಜಿಯಾ, ಇಲ್ಲ ಐಸ್ ನೀರಿನ ಸಮಸ್ಯೆಯಾ?

ಬಿಳಿ ಕೋಟು · ಬೆಳಿಗ್ಗೆ 10:20

ಕೈಯ ಸಮಸ್ಯೆ ನೀರು, ಉಪ್ಪು, ಐಸಿಂದಲೂ ಬರಬಹುದು, ಮೀನಿನ ಪ್ರೋಟೀನಿಂದಲೂ ಬರಬಹುದು. ಹೊಗೆಗೆ ಉಬ್ಬಸ ಬರುತ್ತಿದೆ ಅಂದಿರಲ್ಲ, ಅದನ್ನು ಮಾತ್ರ ಸಡಿಲ ಬಿಡಬೇಡಿ. ಮೀನು ಬೇಯುವಾಗ ಪ್ರೋಟೀನ್ ಹಬೆಯ ಜೊತೆ ಗಾಳಿಗೆ ಬರುತ್ತದೆ. ಮೀನು ಸಂಸ್ಕರಣೆ ಕೆಲಸದವರಲ್ಲಿ ಇದರಿಂದ ಅಸ್ತಮಾ ಬರುವುದು ಗೊತ್ತಿರುವ ವಿಷಯ. ಶ್ವಾಸಕೋಶದ ಪರೀಕ್ಷೆ ಮಾಡಿಸಿ. ಕೈಗವಸು ಇರಲಿ, ಒಳಗೆ ತೆಳ್ಳನೆ ಹತ್ತಿಯದ್ದು ಹಾಕಿಕೊಳ್ಳಲಿ.

ರಾಯಚೂರು ಬಿಸಿಲು · ಮಧ್ಯಾಹ್ನ 12:40

ಅಸ್ತಮಾ ಅಂದ ಕೂಡಲೇ ನೆನಪಾಯಿತು. ನಮ್ಮ ಕಡೆಯಿಂದ ಎಷ್ಟೋ ಜನ ಮೃಗಶಿರಾ ಮಳೆ ಹುಟ್ಟುವ ದಿನ ಹೈದರಾಬಾದಿಗೆ ಹೋಗುತ್ತಾರೆ, ಮೀನಿನ ಪ್ರಸಾದಕ್ಕೆ. ಬತ್ತಿನಿ ಮನೆತನದವರು ಕೊರಮೀನಿನ ಮರಿಯ ಬಾಯಲ್ಲಿ ಔಷಧಿ ಇಟ್ಟು ಜೀವಂತ ನುಂಗಿಸುತ್ತಾರೆ. ನಮ್ಮಪ್ಪ ಮೂರು ವರ್ಷ ಹೋಗಿ ಬಂದರು. ಅಸ್ತಮಾ ಹೋಗಲಿಲ್ಲ, ಹೈದರಾಬಾದ್ ಚೆನ್ನಾಗಿ ಪರಿಚಯ ಆಯಿತು.

ಬಿಳಿ ಕೋಟು · ಮಧ್ಯಾಹ್ನ 1:05

ನಂಬಿಕೆ ಅವರವರದ್ದು. ಆದರೆ ಮೀನಿನ ಅಲರ್ಜಿ ಇರುವವರು, ಇದೆಯೇನೋ ಅಂತ ಅನುಮಾನ ಇರುವವರು ಆ ಸಾಲಲ್ಲಿ ನಿಲ್ಲಬಾರದು. ಹತೋಟಿಯಲ್ಲಿಲ್ಲದ ಅಸ್ತಮಾ ಜೊತೆಗಿದ್ದರೆ ಆಹಾರದ ಅಲರ್ಜಿ ಜೀವಕ್ಕೆ ಎರವಾಗುವ ಅಪಾಯ ಜಾಸ್ತಿ. ಪಣಂಬೂರು ಅಮ್ಮ, ಮಗನಿಗೆ ಅಸ್ತಮಾ ಇದೆಯಾ? ಕೈಯಲ್ಲಿ ಅಡ್ರಿನಲಿನ್ ಇಟ್ಟಿದ್ದೀರಾ?

ಪಣಂಬೂರು ಅಮ್ಮ · ಮಧ್ಯಾಹ್ನ 2:30

ಸ್ವಲ್ಪ ಇದೆ ಸರ್, ಮಳೆಗಾಲದಲ್ಲಿ ಪಂಪ್ ತಗೊಳ್ಳುತ್ತಾನೆ. ಅಡ್ರಿನಲಿನ್ ಪೆನ್ನು ನಮ್ಮ ಊರಲ್ಲಿ ಯಾವ ಮೆಡಿಕಲ್‌ನಲ್ಲೂ ಸಿಗಲಿಲ್ಲ. ತರಿಸಿಕೊಳ್ಳುತ್ತೇವೆ ಅಂದವರು ಹೇಳಿದ ರೇಟಿಗೆ ತಲೆ ತಿರುಗಿತು. ನಮ್ಮ ಡಾಕ್ಟರು ಆಂಪುಲ್, ಸಿರಿಂಜ್ ಕೊಟ್ಟು ಕಲಿಸಿದ್ದಾರೆ. ಆದರೂ ಕೈ ನಡುಗುತ್ತದೆ.

ಬಿಳಿ ಕೋಟು · ರಾತ್ರಿ 9:00

ನಡುಗುವ ಕೈಯಲ್ಲಿ ಕೊಟ್ಟರೂ ಕೆಲಸ ಮಾಡುತ್ತದೆ, ಕೊಡದೆ ಇರುವುದೇ ತಪ್ಪು. ತೊಡೆಯ ಹೊರಬದಿ, ನಡುಮಧ್ಯ, ಸ್ನಾಯುವಿಗೆ. ಅವಸರ ಇದ್ದರೆ ಚಡ್ಡಿಯ ಮೇಲಿಂದಲೇ. ಒಂದು ಕೆಜಿಗೆ 0.01 ಮಿಲಿಗ್ರಾಂ ಲೆಕ್ಕ, ದೊಡ್ಡವರಿಗೆ ಹೆಚ್ಚೆಂದರೆ 0.5. ಮಗ ಬೆಳೆದ ಹಾಗೆ ಪ್ರಮಾಣವೂ ಬದಲಾಗುತ್ತದೆ, ಪ್ರತಿ ಸಲ ತೂಕ ನೋಡಿ ಡಾಕ್ಟರ ಹತ್ತಿರ ಬರೆಸಿಕೊಳ್ಳಿ. ಮೊದಲೇ ತುಂಬಿಟ್ಟ ಸಿರಿಂಜ್ ಆದರೆ ಬೆಳಕು ತಾಗದ ಹಾಗೆ ಇಡಿ, ಎಷ್ಟು ದಿನಕ್ಕೆ ಬದಲಿಸಬೇಕು ಅಂತ ಕೇಳಿಕೊಳ್ಳಿ.

ಕೊಟ್ಟ ಮೇಲೆ ಮಲಗಿಸಿ, ಕಾಲು ಎತ್ತರಕ್ಕೆ. ಉಸಿರು ಕಷ್ಟವಾದರೆ ಕೂರಿಸಬಹುದು. ಎಬ್ಬಿಸಿ ನಡೆಸಿಕೊಂಡು ಕಾರಿಗೆ ಹೋಗುವುದು ಮಾತ್ರ ಬೇಡ, ಬಿಪಿ ಕುಸಿದು ಬೀಳುವುದು ಆಗಲೇ. 108ಕ್ಕೆ ಕರೆ ಮಾಡಿ. ಐದರಿಂದ ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಂದು ಡೋಸ್. ಸುಧಾರಿಸಿದರೂ ಆಸ್ಪತ್ರೆಗೆ ಹೋಗಲೇಬೇಕು, ಎರಡನೇ ಅಲೆ ನೀವೇ ಕಂಡಿದ್ದೀರಿ. ಅಲರ್ಜಿ ಮಾತ್ರೆ ಕಡಿತಕ್ಕೆ ಮಾತ್ರ. ಮುಚ್ಚುತ್ತಿರುವ ಗಂಟಲನ್ನು ಅದು ತೆರೆಯುವುದಿಲ್ಲ.

ಸೂಜಿ ಇಲ್ಲದ ಅಡ್ರಿನಲಿನ್ ಮೂಗಿನ ಸ್ಪ್ರೇ 2024ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಒಮಾಲಿಝುಮ್ಯಾಬ್ ಅನ್ನುವ ಹಳೆಯ ಇಂಜೆಕ್ಷನ್ನನ್ನು ಆಹಾರದ ಅಲರ್ಜಿಗೆ ಬಳಸಲೂ ಅದೇ ವರ್ಷ ಅಲ್ಲಿ ಒಪ್ಪಿಗೆ ಸಿಕ್ಕಿತು. ಅದು ಐಜಿಇಯನ್ನೇ ಹಿಡಿದುಹಾಕುತ್ತದೆ. ಗೊತ್ತಿಲ್ಲದೆ ಚೂರು ಹೊಟ್ಟೆಗೆ ಹೋದಾಗ ಜೋರಾಗದಿರಲಿ ಅಂತ ಕೊಡುವುದು, ಮೀನೂಟ ಮಾಡಲಿ ಅಂತಲ್ಲ. ದುಬಾರಿ.

ಹಾಲು, ಮೊಟ್ಟೆ ಅಲರ್ಜಿ ಎಷ್ಟೋ ಮಕ್ಕಳಿಗೆ ಬೆಳೆಯುತ್ತಾ ಹೋಗುತ್ತದೆ. ಮೀನಿನದ್ದು ಹೆಚ್ಚಿನವರಿಗೆ ಉಳಿದುಬಿಡುತ್ತದೆ. ಕೆಲವರಿಗೆ ಹೋಗುವುದೂ ಉಂಟು, ಹಾಗಾಗಿ ಆಗಾಗ ಮರುಪರೀಕ್ಷೆ ಮಾಡಿಸುತ್ತಿರಿ.

ಹಂಗಾರಕಟ್ಟೆ ಹುಡುಗಿ · ಆಗಸ್ಟ್, ಶನಿವಾರ ಸಂಜೆ 7:10

ತಿಂಗಳಾಯಿತು, ಬರೆಯಲು ತಡವಾಯಿತು. ಕಥೆ ಹೇಳುತ್ತೇನೆ ಕೇಳಿ.

ಅಲರ್ಜಿ ಸ್ಪೆಷಲಿಸ್ಟ್ ಹತ್ತಿರ ಹೋದೆವು. ಒಂದು ವಾರ ಯಾವ ಅಲರ್ಜಿ ಮಾತ್ರೆಯೂ ಬೇಡ ಅಂದರು. ನಮ್ಮನೆಯವರು ಧೂಳಿಗೆ ಅಂತ ದಿನಾ ಒಂದು ನುಂಗುತ್ತಿದ್ದರು, ನಿಲ್ಲಿಸಿ ವಾರ ಪೂರ್ತಿ ಸೀನಿದರು. ಆಮೇಲೆ ಸ್ಕಿನ್ ಪ್ರಿಕ್. ಮುಂಗೈ ಮೇಲೆ ಸಾಲಾಗಿ ಹನಿ ಇಟ್ಟು, ಪ್ರತಿ ಹನಿಯ ಮೇಲೆ ಸಣ್ಣ ಚುಚ್ಚು. ಹದಿನೈದು ನಿಮಿಷ ಕಾಯಬೇಕು. ಬರೀ ನೀರಿನ ಹನಿಗಿಂತ 3 ಮಿಲಿಮೀಟರ್ ದೊಡ್ಡ ಗಂಧೆ ಎದ್ದರೆ ಪಾಸಿಟಿವ್.

ತಮಾಷೆ ಏನೆಂದರೆ, ಅವರ ಹತ್ತಿರ ಇದ್ದ ರೆಡಿಮೇಡ್ ರಸ ಕಾಡ್, ಟ್ಯೂನಾ, ಸಾಲ್ಮನ್. "ನಮ್ಮ ಬಂಗುಡೆ ಇಲ್ವಾ ಡಾಕ್ಟ್ರೇ?" ಅಂದೆ. "ನೀವೇ ತನ್ನಿ" ಅಂದರು! ತಾಜಾ ಮೀನಿಗೆ ಸೂಜಿ ಚುಚ್ಚಿ, ಅದೇ ಸೂಜಿಯಿಂದ ಚರ್ಮ ಚುಚ್ಚುತ್ತಾರಂತೆ. ಆಗಸ್ಟ್ ಒಂದರ ಮೇಲೆ ದೋಣಿ ಇಳಿದಿದ್ದವಲ್ಲ. ಊರಿಂದ ರಾತ್ರಿ ಬಸ್ಸಲ್ಲಿ ಅಣ್ಣ ಥರ್ಮಾಕೋಲ್ ಪೆಟ್ಟಿಗೆ ತುಂಬ ಐಸ್ ಹಾಕಿ ಬಂಗುಡೆ ಕಳಿಸಿದ. ಸ್ಟೀಲ್ ಡಬ್ಬದಲ್ಲಿ ಹಸಿ ಒಂದು, ಬೇಯಿಸಿದ್ದೊಂದು ಹಿಡಿದುಕೊಂಡು ಆಟೋ ಹತ್ತಿದೆ. ಆಟೋದವರು ಕನ್ನಡಿಯಲ್ಲಿ ನೋಡಿದ್ದೇ ನೋಡಿದ್ದು.

ಹಸಿಯೂ ನೆಗೆಟಿವ್, ಬೆಂದದ್ದೂ ನೆಗೆಟಿವ್. ರಕ್ತದ ಐಜಿಇಯೂ ನೆಗೆಟಿವ್. ಆದರೂ ಡಾಕ್ಟರು ಮನೆಗೆ ಹೋಗಿ ತಿನ್ನಿ ಅನ್ನಲಿಲ್ಲ. ಅವರ ಕಣ್ಣೆದುರೇ, ಅಡ್ರಿನಲಿನ್ ಪಕ್ಕದಲ್ಲಿ ಇಟ್ಟುಕೊಂಡು, ಕಡ್ಡಿ ತುದಿಯಷ್ಟರಿಂದ ಶುರು ಮಾಡಿ ಅರ್ಧ ಬಂಗುಡೆಯವರೆಗೆ ಸ್ವಲ್ಪ ಸ್ವಲ್ಪವಾಗಿ ತಿನ್ನಿಸಿದರು. ಬೆಳಿಗ್ಗೆ ಹೋದವರು ಸಂಜೆ ಬಂದೆವು. ಏನೂ ಆಗಲಿಲ್ಲ. "ಇದು ಮೀನಿನ ಅಲರ್ಜಿ ಅಲ್ಲ, ಆ ದಿನದ ಮೀನಿನ ತಪ್ಪು" ಅಂತ ಚೀಟಿಯಲ್ಲೇ ಬರೆದುಕೊಟ್ಟರು. ಉಪ್ಪಿಲ್ಲದ ಬಂಗುಡೆ ಅಷ್ಟು ಹೊತ್ತು ತಿಂದದ್ದೇ ಅವತ್ತಿನ ದೊಡ್ಡ ಕಷ್ಟ ಅಂತಾರೆ ನಮ್ಮನೆಯವರು.

ಅತ್ತೆ ಚೀಟಿ ಎರಡು ಸಲ ಓದಿದರು. "ಅಡುಗೆಮನೆ ಕಿಟಕಿ ತೆಗೆದಿಟ್ಟು ಮಾಡು" ಅಂದು ಒಳಗೆ ಹೋದರು.

ಪಣಂಬೂರು ಅಮ್ಮ · ಸಂಜೆ 7:42

ಓದಿ ಹೊಟ್ಟೆ ತಂಪಾಯಿತು ಅಕ್ಕ. ನಮ್ಮದೂ ಒಂದು ಸುದ್ದಿ. ಕೇಟರಿಂಗ್ ಊಟ ಇದ್ದಾಗ "ಎಣ್ಣೆ ಯಾವುದು?" ಅಂತ ಈಗ ಅವನೇ ಹೋಗಿ ಕೇಳುತ್ತಾನೆ. ಮೊನ್ನೆ ಒಬ್ಬ ಭಟ್ಟರು "ಶೇಂಗಾ ಎಣ್ಣೆ ಮಗಾ" ಅಂದರಂತೆ. "ಅದಲ್ಲ, ಇದರಲ್ಲಿ ಮೊದಲು ಏನು ಕರಿದಿದ್ರಿ?" ಅಂದನಂತೆ.

ಗಂಗೊಳ್ಳಿ ದೋಣಿ · ರಾತ್ರಿ 8:00

ಹುಡುಗ ಹುಷಾರು. ಹಂಗಾರಕಟ್ಟೆಯವರೇ, ಆ ಸ್ಕೂಟರಿನವರ ಹತ್ತಿರ ಪುನಃ ಮೀನು ತಗೊಂಡಿರಾ? ಕಿವಿರು ನೋಡಿದಿರಾ?

ಹಂಗಾರಕಟ್ಟೆ ಹುಡುಗಿ · ರಾತ್ರಿ 8:06

ತಗೊಂಡೆ. ಕಿವಿರು ನೋಡಲಿಲ್ಲ, ಡಬ್ಬದ ಒಳಗೆ ಕೈ ಹಾಕಿದೆ. ಮೊಣಕೈವರೆಗೆ ಐಸ್ ಇತ್ತು.